ಚಿಕ್ಕಪ್ಪನ ಮಗಳು

"ಬಸ್ ಪಾಸಿಗೆ ಎರಡು ಫೋಟೋ, ಲೈಬ್ರರಿ ಕಾರ್ಡಿಗೆ ಒಂದು, ಹಾಸ್ಟೆಲ್ಲಿಗೆ ಮೂರು. ಉಳಿದದ್ದು ನೀವೇ ಇಟ್ಕೊಳ್ಳಿ, ನಂಗೆ ಬೇಡ."

ಮಧುಗಿರಿಯ ಪಿಜಿ ಸೆಂಟರಿನ ವಿದ್ಯಾರ್ಥಿ ಸಹಾಯ ಕೌಂಟರಿನಲ್ಲಿ ಕೂತವನು ತಲೆ ಎತ್ತದೆ ಹೇಳಿದ. ಶೃತಿಗೆ ಮೈ ಉರಿಯಿತು. ಎಂಎಸ್ಸಿಗೆ ಸೇರಲೆಂದು ಪಾವಗಡ ತಾಲೂಕಿನ ಕ್ಯಾತಗಾನಚೆರ್ಲಿನಿಂದ ಬಸ್ಸು ಬದಲಿಸಿ, ದಾರಿಯುದ್ದ ನಿಂತೇ ಬಂದಿದ್ದಳು.

"ಕೊಡ್ತೀನಿ ಅಂತ ಯಾರಂದ್ರು?"

ಆಗ ತಲೆ ಎತ್ತಿದ. ನಗು ತಡೆಯಲು ತುಟಿ ಕಚ್ಚಿಕೊಂಡಿದ್ದ. ಹೆಸರು ಚೇತನ್ ಕುಮಾರ್, ಬಡವನಹಳ್ಳಿಯವನು. ಅಲ್ಲೇ ಪಿಎಚ್‌ಡಿ ಮಾಡುತ್ತ ಕೌಂಟರನ್ನೂ ನೋಡಿಕೊಳ್ಳುತ್ತಿದ್ದ. ಸ್ಕಾಲರ್‌ಶಿಪ್ಪಿಗೆ ಮೊದಲು ಬ್ಯಾಂಕ್ ಖಾತೆಗೆ ಆಧಾರ್ ಜೋಡಿಸಬೇಕು, ರೀಡಿಂಗ್ ರೂಮಿನಲ್ಲಿ ಕಿಟಕಿ ಪಕ್ಕದ ಫ್ಯಾನ್ ಮಾತ್ರ ತಿರುಗುತ್ತದೆ, ಮಂಗಳವಾರ ಮೆಸ್ಸಿನ ಸಾರು ಮುಟ್ಟಬಾರದು ಎಂದೆಲ್ಲ ಹೇಳಿಕೊಟ್ಟ. ಅವಳ ಸಿಟ್ಟು ಎಲ್ಲಿ ಹೋಯಿತೋ ಅವಳಿಗೇ ತಿಳಿಯಲಿಲ್ಲ.

ತೊಡಕು ಬಂದದ್ದು ಹಾಸ್ಟೆಲ್ಲಿನಲ್ಲಿ. ಲೋಕಲ್ ಗಾರ್ಡಿಯನ್ ಬೇಕೇ ಬೇಕು, ಅದೂ ನೆಂಟರೇ ಆಗಿರಬೇಕು ಎಂದು ವಾರ್ಡನ್ ಗಂಗಲಕ್ಷ್ಮಮ್ಮ ಪಟ್ಟು ಹಿಡಿದರು. ಶೃತಿಗೆ ಮಧುಗಿರಿಯಲ್ಲಿ ಒಂದು ನರಪಿಳ್ಳೆಯೂ ಗೊತ್ತಿರಲಿಲ್ಲ. ದಿನಾ ಊರಿನಿಂದ ಓಡಾಡುವುದು ಆಗದ ಮಾತು. ಹಾಸ್ಟೆಲ್ ಇಲ್ಲವೆಂದರೆ ಎಂಎಸ್ಸಿಯೂ ಇಲ್ಲ. ಅವಳ ಮುಖ ನೋಡಲಾರದೆ ಚೇತನ್ ಮುಂದೆ ಬಂದ.

"ನಾನೇ ಗಾರ್ಡಿಯನ್ ಮೇಡಂ."

"ವರಸೇಲಿ ಏನಾಗ್ಬೇಕಪ್ಪಾ ನಿಂಗೆ?"

ಅವನು ಒಂದು ಗಳಿಗೆ ತಡವರಿಸಿದ. ಅತ್ತೆ ಮಗಳು ಎಂದರೆ ಮದುವೆಯಾಗುವ ವರಸೆ. ಗಂಗಲಕ್ಷ್ಮಮ್ಮ ಇಬ್ಬರನ್ನೂ ಗೇಟಿನಾಚೆ ಅಟ್ಟುತ್ತಿದ್ದರು. ಚಿಕ್ಕಪ್ಪನ ಮಗಳಾದರೆ ತಂಗಿ. ಯಾವ ತಂಟೆಯೂ ಇಲ್ಲ.

"ಚಿಕ್ಕಪ್ಪನ ಮಗಳು."

ಸೀಟು ಸಿಕ್ಕಿತು. ಸಂಜೆ ಫೋನಿನಲ್ಲಿ ಇದನ್ನು ಕೇಳಿದ ಶೃತಿಯ ಅಪ್ಪ ಕದಿರಯ್ಯ ಬಯ್ಯಲಿಲ್ಲ, ಫೋನನ್ನು ಚೇತನ್‌ಗೆ ಕೊಡಿಸಿಕೊಂಡ. ಹೆಂಡತಿ ಸತ್ತ ಮೇಲೆ ಒಬ್ಬನೇ ಮಗಳನ್ನು ಸಾಕಿದ ಮನುಷ್ಯ. "ನಂಗೆ ಗಂಡ್ಮಕ್ಕಳಿಲ್ಲ ನಾಯ್ನಾ. ಬಾಯಲ್ಲಿ ಅಂದ್ಮ್ಯಾಲೆ ಮುಗೀತು, ನೀನು ಅವಳ ಅಣ್ಣಾನೇ" ಎಂದ, ತೆಲುಗು ಸೀಮೆಯವರು ಮಗನನ್ನು ಕರೆಯುವ ಹಾಗೆ. "ಆಗ್ಲಿ ಚಿಕ್ಕಪ್ಪಾ" ಎಂದ ಚೇತನ್. ವಾರ್ಡನ್ನಿಗೆ ಹೇಳಿದ ಸುಳ್ಳು ಊರಿನಲ್ಲಿ ನಿಜವಾಗಿಬಿಟ್ಟಿತು.

ಬುದ್ಧಿಯಿದ್ದಿದ್ದರೆ ಇಬ್ಬರೂ ಅಲ್ಲಿಗೇ ನಿಲ್ಲಿಸುತ್ತಿದ್ದರು. ಬುದ್ಧಿಗೆಲ್ಲ ಆ ರೀಡಿಂಗ್ ರೂಮಿನಲ್ಲಿ ಜಾಗವೆಲ್ಲಿತ್ತು! ತಿರುಗುವ ಫ್ಯಾನಿನ ಕೆಳಗೆ ಎದುರುಬದುರು ಕೂರುತ್ತಿದ್ದರು. ಅವಳು ಪುಸ್ತಕದ ಅಂಚಿನ ಮೇಲಿಂದ ಕದ್ದು ನೋಡುವಳು. ಅವನು ಅದೇ ಹೊತ್ತಿಗೆ ನೋಡಿ ಸಿಕ್ಕಿಬೀಳುವನು.

"ಅಣ್ಣಾ, ಒಂದು ಪೆನ್ ಕೊಡಿ" ಎಂದು ಬೇಕೆಂದೇ ರಾಗ ಎಳೆಯುವಳು.

"ಹಂಗ್ ಕರೀಬ್ಯಾಡ."

"ಮತ್ತೆ ಹೆಂಗ್ ಕರೀಲಿ?"

ಅವನು ಪೆನ್ನನ್ನು ಅವಳತ್ತ ಉರುಳಿಸಿದ. ಇದ್ದ ಉತ್ತರವನ್ನು ಹೇಳುವ ಹಾಗಿರಲಿಲ್ಲ.

ಒಂದು ಶುಕ್ರವಾರ ಇಬ್ಬರೂ ಗೊರವನಹಳ್ಳಿಯ ಲಕ್ಷ್ಮಿ ಗುಡಿಗೆ ಹೋಗಿ ಬರುವಾಗ ಬಸ್ಸಿನಲ್ಲಿ ಅವಳಿಗೆ ನಿದ್ದೆ ಹತ್ತಿತು. ಎಚ್ಚರವಾದಾಗ ತಲೆ ಅವನ ಹೆಗಲ ಮೇಲಿತ್ತು. ಅವನು ಉಸಿರನ್ನೂ ಜೋರಾಗಿ ಬಿಡದೆ ಕೂತಿದ್ದ. ಅವಳು ಕಣ್ಣು ತೆರೆಯಲಿಲ್ಲ. ಕೊರಟಗೆರೆ ಬರುವವರೆಗೂ ನಿದ್ದೆ ಬಂದವಳ ಹಾಗೇ ಇದ್ದಳು. ಅಷ್ಟು ಸುಖ ಅವಳು ಹುಟ್ಟಿದಾಗಿನಿಂದ ಕಂಡಿರಲಿಲ್ಲ.

ಮುಂದಿನ ವಾರ ಕದಿರಯ್ಯ ಹೇಳದೆ ಕೇಳದೆ ಬಂದಿಳಿದ. ಇಬ್ಬರನ್ನೂ ಕ್ಯಾಂಟೀನಿನ ಮೂಲೆಯಲ್ಲಿ ಕೂರಿಸಿಕೊಂಡ. ತರಿಸಿದ ಟೀ ಮುಟ್ಟಲಿಲ್ಲ.

"ನಾಯ್ನಾ, ನಮ್ಮೂರ ಪೆದ್ದಮ್ಮ ಗೊರವನಹಳ್ಳಿ ಬಸ್ಸಲ್ಲಿ ಹಿಂದಿನ ಸೀಟಲ್ಲಿದ್ಲಂತೆ. ಇವಳು ಯಾವನೋ ಹುಡುಗನ ಹೆಗಲಿಗೆ ತಲೆ ಕೊಟ್ಟು ಮಲಗಿದ್ಲಂತೆ. ಅವನ ಮುಖ ಕಾಣ್ಲಿಲ್ಲ ಅಂದ್ಲು." ಟೀ ಲೋಟವನ್ನು ಪಕ್ಕಕ್ಕೆ ತಳ್ಳಿದ. "ನಿನ್ನ ಕೇಳಾಕೇ ಬಂದೆ. ಅಂಥವನು ಇದ್ರೆ ಹೇಳ್ಬುಡು. ಇವತ್ತೇ ಕರ್ಕೊಂಡು ಹೋಗ್ತೀನಿ. ಓದೂ ಬ್ಯಾಡ, ಏನೂ ಬ್ಯಾಡ."

ಚೇತನ್ ಶೃತಿಯತ್ತ ನೋಡಲಿಲ್ಲ. ನೇರವಾಗಿ ಕದಿರಯ್ಯನ ಕಣ್ಣು ನೋಡಿದ.

"ಅದು ನಾನೇ."

ಶೃತಿ ತಟ್ಟನೆ ಅವನತ್ತ ತಿರುಗಿದಳು. ಹೇಳಿಯೇಬಿಟ್ಟ, ಇಷ್ಟೂ ದಿನ ನುಂಗಿಕೊಂಡಿದ್ದನ್ನು. ಹೆದರಿಕೆಯ ಜೊತೆಗೇ ಎಂಥದೋ ಹೆಮ್ಮೆಯೂ ಉಕ್ಕಿತು.

ಕದಿರಯ್ಯ ಅವನನ್ನೇ ದಿಟ್ಟಿಸಿದ. ಆಮೇಲೆ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ಗಳಗಳ ಅತ್ತ.

"ನೀನಾ! ಅಣ್ಣನ ಹೆಗಲಿಗೆ ಒರಗಿದ್ಕೇನಾ ನಾನು ಉಣ್ಣದೆ ಬಂದದ್ದು? ತಾಯಿಲ್ಲದ ಕೂಸು, ಒಡಹುಟ್ಟಿದವರಿಲ್ಲ... ನಾನು ಪಾಪಿ ಕಣಪ್ಪಾ, ಕೆಟ್ಟದ್ದು ಎಣಿಸ್ಬುಟ್ಟೆ."

"ಇಲ್ಲ, ನಾನು ಹೇಳಿದ್ದು ಹಂಗಲ್ಲ..." ಚೇತನ್ ಬಾಯಿ ತೆರೆದ.

"ಹೌದಪ್ಪಾ" ಎಂದಳು ಶೃತಿ. ತನ್ನ ದನಿ ತನಗೇ ಬೇರೆ ಯಾರದೋ ಅನ್ನಿಸಿತು. "ಅಣ್ಣಾನೇ. ಬೇರೆ ಯಾರೂ ಇಲ್ಲ."

ಕದಿರಯ್ಯ ಕಣ್ಣೊರೆಸಿಕೊಂಡ. ಆರಿದ ಟೀಯನ್ನು ಒಂದೇ ಗುಟುಕಿಗೆ ಕುಡಿದ. ಇವಳ ಮದುವೆಯಲ್ಲಿ ಅಣ್ಣನ ಶಾಸ್ತ್ರವೆಲ್ಲ ನೀನೇ ಮಾಡಬೇಕು ಎಂದು ಚೇತನ್‌ನ ಕೈ ಹಿಡಿದು ಹೇಳಿ ಪಾವಗಡದ ಬಸ್ಸು ಹತ್ತಿದ. ಹುಡುಗನ ಮುಖದಲ್ಲಿ ರಕ್ತವಿಲ್ಲದ್ದು ಅವನಿಗೆ ಕಾಣಲಿಲ್ಲ.

"ನಾನು ಹೇಳೋಕೇ ಹೊರಟಿದ್ದೆ" ಎಂದ ಚೇತನ್, ಬಸ್ಸು ಮರೆಯಾದ ಮೇಲೆ.

"ಗೊತ್ತು."

"ಮತ್ತೆ ಯಾಕ್ ಹಂಗಂದೆ?"

"ನಿಜ ಗೊತ್ತಾಗಿದ್ರೆ ಈಗ ನಾನೂ ಆ ಬಸ್ಸಲ್ಲೇ ಇರ್ತಿದ್ದೆ. ನಂಗಿರೋದು ಇದೊಂದು ಓದು." ಅವಳು ಬಸ್ಸು ಹೋದ ದಾರಿಯನ್ನೇ ನೋಡಿದಳು. "ನಿನ್ನ ಕಂಡ್ರೆ ನಂಗೆ ಪ್ರಾಣ ಕಣೋ. ಆದ್ರೂ ಅಂದ್ಬುಟ್ಟೆ."

"ಓದು ಮುಗೀಲಿ. ಆಮ್ಯಾಲೆ ನಿಮ್ಮಪ್ಪನ ಹತ್ರ ನಾನೇ..."

"ಅವರು ಅತ್ತಿದ್ದು ನೋಡ್ದೆ ತಾನೇ? ಇನ್ನು ಯಾವ ಮುಖ ಇಟ್ಕೊಂಡು ಹೋಗಿ ಹೇಳ್ತೀಯ?"

ಅವನ ಕಣ್ಣು ತುಂಬಿತು. ಒರೆಸಲು ಅವಳ ಕೈ ಎದ್ದಿತು. ಹಾಸ್ಟೆಲ್ಲಿನ ಹುಡುಗಿಯರು ಬರುತ್ತಿದ್ದರು, ಕೆಳಗಿಳಿಸಿದಳು. ಎರಡು ಗಂಟೆಗೆ ಅವಳಿಗೆ ಪ್ರಾಕ್ಟಿಕಲ್ ಇತ್ತು. ಬ್ಯಾಗನ್ನು ಹೆಗಲಿಗೆ ಹಾಕಿಕೊಂಡಳು.

"ಮುಂದಿನ ವರ್ಷಕ್ಕೆ ಹಾಸ್ಟೆಲ್ ರಿನ್ಯೂವಲ್ ಮಾಡಿಸ್ಬೇಕು" ಎಂದಳು. "ಗಾರ್ಡಿಯನ್ ಸಹಿ ಬೇಕಂತೆ."

"ಹಾಕ್ತೀನಿ" ಎಂದ ಚೇತನ್.