ಒಂದು ಸೇರು ತೌಡಿನ ಹೆಸರು

"ಗೈಡ್ ಸಾರ್, ನಿಮ್ಮ ಹೆಸರು ರವಿಕುಮಾರ್ ಅಂದ್ರಲ್ಲ... ಅದು ಸುಳ್ಳು!"

ಹಳೇಬೀಡಿನ ದೇವಸ್ಥಾನದ ಜಗಲಿಯ ಮೇಲೆ ನಿಂತು ಪ್ರವಾಸಿಗರಿಗೆ ಗೋಡೆಯ ಆನೆಗಳ ಸಾಲು ತೋರಿಸುತ್ತಿದ್ದ ರವಿಕುಮಾರನ ಕೈ ಗಾಳಿಯಲ್ಲೇ ನಿಂತುಬಿಟ್ಟಿತು.

ಯಾರಿವಳು? ಹೆಗಲಿಗೆ ಬಟ್ಟೆಯ ಚೀಲ, ಕೈಯಲ್ಲಿ ನೋಟ್‌ಬುಕ್, ಕಣ್ಣಲ್ಲಿ ಕಳ್ಳನನ್ನು ಹಿಡಿದ ಪೊಲೀಸಿನವರ ಖುಷಿ!

"ಏನಮ್ಮಾ ಹಾಗಂದ್ರೆ?"

"ನಿಮ್ಮ ಮೂಗಿನ ಬಲಗಡೆ ಚುಚ್ಚಿದ ಗುರುತಿದೆ. ಗಂಡುಮಗುವಿಗೆ ಮೂಗು ಚುಚ್ಚಿಸಿದ್ದಾರೆ ಅಂದ್ರೆ ನಿಮಗಿಂತ ಮುಂಚೆ ಹುಟ್ಟಿದವರು ಉಳಿದಿಲ್ಲ. ಅಂಥ ಮಗುವಿಗೆ ತಿಪ್ಪಯ್ಯ, ಕಲ್ಲಯ್ಯ, ಹುಚ್ಚಯ್ಯ... ಹೀಗೆ ಸಾವಿಗೂ ಬೇಡ ಅನ್ನಿಸೋ ಹೆಸರು ಇಡ್ತಾರೆ. ರವಿಕುಮಾರ್ ಅಂತ ಬರೆದಿದ್ದು ಸ್ಕೂಲಿನ ಮೇಷ್ಟ್ರು. ನಿಮ್ಮಮ್ಮ ಏನಂತ ಕರೀತಿದ್ರು?"

ರವಿಕುಮಾರ ತಟ್ಟನೆ ಮೂಗು ಮುಚ್ಚಿಕೊಂಡ. ಅವನ ಮುಖ ಬಿಳಿಚಿಕೊಂಡಿತು.

"ಅದು ನಿಮ್ಮ ಪುಸ್ತಕಕ್ಕಲ್ಲ" ಅಂದವನೇ ಪ್ರವಾಸಿಗರನ್ನು ಕರೆದುಕೊಂಡು ಹೊರಟೇಹೋದ.

ಪ್ರಶ್ನೆ ಕೇಳಿದ ಲತಾಮಣಿಗೆ ಆಗ ನಾಚಿಕೆಯಾಯಿತು. ಅರಸೀಕೆರೆಯ ಹುಡುಗಿ ಅವಳು, ಎಂ.ಎ. ಮುಗಿಸಿ, ಜನರ ಹೆಸರುಗಳ ಹುಟ್ಟು, ಅರ್ಥ ಹುಡುಕುತ್ತಾ ಊರೂರು ತಿರುಗುತ್ತಿದ್ದಳು. ಅದೇ ಅವಳ ಸಂಶೋಧನೆ. ಸಾವಿರ ಹೆಸರು ಗುಡ್ಡೆ ಹಾಕಿದ್ದಳು, ಆದರೆ ಒಂದು ಹೆಸರು ಕೇಳಿದರೆ ಒಬ್ಬ ಮನುಷ್ಯನಿಗೆ ಇಷ್ಟು ನೋವಾಗುತ್ತದೆ ಅನ್ನುವುದು ಅವಳಿಗೆ ಗೊತ್ತೇ ಇರಲಿಲ್ಲ.

'ಥೂ, ನನ್ನ ಬಾಯಿಗೆ ಬೀಗ ಹಾಕಬೇಕು!'

ಮುಂದಿನ ಭಾನುವಾರ ಬಸ್ ಹತ್ತಿ ಬಂದು ಕ್ಷಮೆ ಕೇಳಿದಳು. ಅದರ ಮುಂದಿನ ಭಾನುವಾರವೂ ಬಂದಳು. ಕ್ಷಮೆ ಕೇಳುವುದಕ್ಕೆ ಎಷ್ಟು ಸಲ ಬರಬೇಕು ಎಂದು ನೀವು ನಗಬಹುದು. ಅವಳ ಮನಸ್ಸಿಗೂ ಅದು ಗೊತ್ತಿತ್ತು!

ಬೇರೆ ಹುಡುಗರು ಹುಡುಗಿಗೆ ಗುಲಾಬಿ ತರುತ್ತಾರೆ. ಈ ಪುಣ್ಯಾತ್ಮ ರವಿ ಹೆಸರು ತರುತ್ತಿದ್ದ. ದೇಶದೇಶದಿಂದ ಬರುವ ಪ್ರವಾಸಿಗರನ್ನು ಅವರವರ ಹೆಸರಿನ ಅರ್ಥ ಕೇಳಿ, ಚೀಟಿಯಲ್ಲಿ ಬರೆದಿಟ್ಟುಕೊಂಡು ಭಾನುವಾರಕ್ಕೆ ಕಾಯುತ್ತಿದ್ದ.

"ಲತಾ, ಈ ವಾರ ನೈಜೀರಿಯಾದಿಂದ ಒಬ್ಬರು ಬಂದಿದ್ರು. ಅವರ ಕಡೆ 'ಕೊಸೊಕೊ' ಅಂತ ಹೆಸರಿಡ್ತಾರಂತೆ. ಗುದ್ದಲಿ ಇಲ್ಲ ಅಂತ ಅರ್ಥ."

"ಗುದ್ದಲಿ ಇಲ್ವಾ? ಅದೆಂಥ ಹೆಸರೋ?"

"ಗುಂಡಿ ತೋಡೋಕೆ ಗುದ್ದಲಿ ಇಲ್ಲ... ಅದಕ್ಕೆ ಮಗೂ, ನೀನು ಸಾಯಂಗಿಲ್ಲ ಅಂತ."

ಲತಾಮಣಿಯ ಮೈ ಜುಮ್ಮೆಂದಿತು. ಸಮುದ್ರದಾಚೆ ಯಾವಳೋ ತಾಯಿ... ಅವಳೂ ನಮ್ಮೂರ ತಾಯಂದಿರ ಹಾಗೇ ಸಾವನ್ನು ಏಮಾರಿಸಲು ನೋಡಿದ್ದಾಳೆ!

ಹೀಗೇ ಒಂದು ವರ್ಷ ಕಳೆಯಿತು. ಅದು ೧೯೯೯. 'ನೀವು' ಹೋಗಿ 'ನೀನು' ಬಂದಿತ್ತು. ಒಂದು ಭಾನುವಾರ ಬಸ್ತಿಹಳ್ಳಿಯ ಬಸದಿಯ ಮುಂದೆ ಕೂತಿದ್ದಾಗ ರವಿ ಹೇಳಿದ.

"ಇಸ್ರೇಲಿನ ಅಜ್ಜಿಯೊಬ್ಬರು ಬಂದಿದ್ರು. ಅವರ ತಾತನಿಗೆ ತೊಟ್ಟಿಲಲ್ಲೇ 'ಆಲ್ಟರ್' ಅಂತ ಹೆಸರಿಟ್ಟಿದ್ರಂತೆ. ಮುದುಕ ಅಂತ! ಮಗು ಹುಡುಕ್ಕೊಂಡು ಬಂದ ಸಾವು, ಮುದುಕ ಇದಾನೆ ಅಂತ ವಾಪಸ್ ಹೋಗ್ಲಿ ಅಂತ. ಅಷ್ಟೇ ಅಲ್ಲ, ಸಾವಿಗೆ ಗುರುತು ಸಿಗ್ದಿರ್ಲಿ ಅಂತ ಆ ಮಗುವನ್ನ ಶಾಸ್ತ್ರಕ್ಕೆ ಪಕ್ಕದ ಮನೆಗೆ ಮಾರಿದ್ರಂತೆ."

ಅವನ ಬೆರಳು ತಾನಾಗಿ ಮೂಗಿನ ಗುರುತಿನ ಮೇಲೆ ಹೋಯಿತು.

"ನನ್ನನ್ನೂ ಮಾರಿದ್ರು ಲತಾ. ನನಗಿಂತ ಮುಂಚೆ ಮೂರು ಮಕ್ಕಳು ಹೋಗಿದ್ವು. ನಾನು ಹುಟ್ಟಿದ ಮೂರನೇ ದಿನ ಅವ್ವ ನನ್ನನ್ನ ಮೊರದಲ್ಲಿ ಮಲಗಿಸಿ, ಪಕ್ಕದ ಮನೆಯವಳಿಗೆ ಒಂದು ಸೇರು ತೌಡಿಗೆ ಮಾರಿದ್ಲು. ಅದಕ್ಕೇ ನನ್ನ ಹೆಸರು... ತೌಡಯ್ಯ. ಸ್ಕೂಲಲ್ಲಿ ಎಲ್ಲರೂ ಹಸು ಥರ ಅಂಬಾ ಅಂತ ಕೂಗೋರು. ನಗ್ಬೇಕಾದ್ರೆ ನಕ್ಕುಬಿಡು."

ಲತಾಮಣಿ ನಗಲಿಲ್ಲ. ಅವಳ ಕಣ್ಣು ತುಂಬಿ ಬಂತು.

"ನಿಮ್ಮವ್ವನ ಮೇಲೆ ಪ್ರೀತಿ ಬರ್ತಿದೆ ಕಣೋ..."

"ಅವರ ಮಗನ ಮೇಲೆ?"

ಅವಳು ಅವನ ತೋಳಿಗೆ ಒಂದು ಗುದ್ದಿದಳು. "ಇವತ್ತೇ ಅಮ್ಮಂಗೆ ಹೇಳ್ತೀನಿ. ತಯಾರಾಗಿರು!"

ಅರಸೀಕೆರೆಯ ಮನೆಗೆ ಓಡಿಬಂದಾಗ ಅವಳ ತಾಯಿ ರುದ್ರಮ್ಮ ನಡುಮನೆಯಲ್ಲಿ ಅಕ್ಕಿ ಕೇರುತ್ತಿದ್ದಳು. ಗಂಡ ತೀರಿಕೊಂಡ ಮೇಲೆ ಆ ಮನೆಯಲ್ಲಿ ಅವರಿಬ್ಬರೇ. ಲತಾಮಣಿ ಒಂದೇ ಉಸಿರಿನಲ್ಲಿ ಎಲ್ಲವನ್ನೂ ಹೇಳಿದಳು. ಹುಡುಗ ಒಳ್ಳೆಯವನು, ನಮ್ಮವರೇ, ಹುಟ್ಟಿದ್ದು ಬಾಣಾವರದಲ್ಲಿ... ಮನೆಯಲ್ಲಿ ಕರೆಯುತ್ತಿದ್ದ ಹೆಸರು ತೌಡಯ್ಯ!

ರುದ್ರಮ್ಮನ ಕೈಯಿಂದ ಮೊರ ಜಾರಿತು. ಅಕ್ಕಿಯೆಲ್ಲ ನೆಲದ ಪಾಲಾಯಿತು.

"ಅವರವ್ವನ ಹೆಸರು... ಮುತ್ತಮ್ಮನಾ?"

"ಹೌದು! ನಿಂಗೆ ಹೇಗೆ..."

"ಕೊಂಡ್ಕೊಂಡೋಳು ನಾನೇ ಕಣೇ! ಆ ಹೆಸರಿಟ್ಟೋಳೂ ನಾನೇ!"

ಲತಾಮಣಿ ಅಮ್ಮನ ಎದುರು ಬಂದು ಕೂತಳು.

"ನಿಮ್ಮಪ್ಪ ಆವಾಗ ಬಾಣಾವರದ ರೈಲ್ವೆ ಸ್ಟೇಷನ್ನಾಗೆ ಕೆಲಸಕ್ಕಿದ್ರು. ಮುತ್ತಮ್ಮಂದು ಪಕ್ಕದ ಮನೆ. ಅವನ ಮದುವೆಗೆ ಮುಂಚೆ ತೌಡು ವಾಪಸ್ ಕೊಟ್ಟು ಮಗನ್ನ ಬಿಡಿಸ್ಕೋಬೇಕು ಅಂತ ಮಾತಾಗಿತ್ತು. ನಮಗೆ ಇಲ್ಲಿಗೆ ವರ್ಗ ಆಯ್ತು, ಅವಳು ಕಣ್ಮುಚ್ಚಿದ್ಲು, ಅವರಪ್ಪ ಕೂಸು ಎತ್ಕೊಂಡು ಎಲ್ಲಿಗೋ ಹೋದ. ಬಿಡಿಸ್ಕೊಂಡಿಲ್ಲ ಅಂದ್ಮೇಲೆ ಅವನು ಇವತ್ತಿಗೂ ನನ್ನ ಮಗ. ನಿಂಗೆ ಅಣ್ಣ ಕಣೇ!"

"ಅಮ್ಮಾ! ಅದು ಬರೀ ಶಾಸ್ತ್ರ!"

"ಬರೀ ಶಾಸ್ತ್ರಾನಾ? ಅದರಿಂದ್ಲೇ ಬದುಕವ್ನೆ!"

ಅದೇ ಶಾಸ್ತ್ರದ ಹಿಂದಿರುವ ತಾಯಿಯ ಕರುಳಿನ ಬಗ್ಗೆ ನಲವತ್ತು ಪುಟ ಬರೆದವಳು ಅವಳು. ಈಗ ಅದು ಸುಳ್ಳು ಎಂದು ಯಾವ ಬಾಯಲ್ಲಿ ಹೇಳುವುದು?

ಮೂರು ಭಾನುವಾರ ಅವಳು ಹಳೇಬೀಡಿಗೆ ಹೋಗಲಿಲ್ಲ. ಮದುವೆಗೆಂದು ಕಾಯುತ್ತಿರುವವನಿಗೆ 'ನೀನು ನನ್ನ ಅಣ್ಣನಂತೆ' ಎಂದು ಹೇಗೆ ಹೇಳುವುದು? ಅತ್ತು ಅತ್ತು ಕಣ್ಣು ಊದಿಕೊಂಡಿತ್ತು.

ಮೂರನೆಯ ಭಾನುವಾರದ ಮರುದಿನ ಮಧ್ಯಾಹ್ನ ಬಾಗಿಲು ಬಡಿದ ಸದ್ದು. ತೆರೆದರೆ... ರವಿ! ಗಡ್ಡ ಬೆಳೆದಿತ್ತು, ಕಣ್ಣು ಕೆಂಡವಾಗಿತ್ತು.

"ಹೆಸರು ಸಿಕ್ತಲ್ಲ, ಇನ್ನು ಮನುಷ್ಯ ಯಾಕೆ ಅಂತ ಬಿಟ್ಯಾ? ತೌಡಯ್ಯನ ಹೆಂಡತಿ ಅನ್ನಿಸ್ಕೊಳ್ಳೋಕೆ ನಾಚಿಕೆ ಆಯ್ತಾ?"

"ಅಯ್ಯೋ, ಹಾಗಲ್ಲ ರವಿ!"

"ಮತ್ತೆ ಹೇಗೆ? ನಿನ್ನ ನೋಟ್‌ಬುಕ್ಕಿಂದ ನನ್ನ ಹೆಸರು ಹೊಡೆದುಹಾಕು. ಅದಕ್ಕೇ ಬಂದೆ."

"ತೌಡಾ..."

ಒಳಗಿನಿಂದ ಬಂದ ಆ ದನಿಗೆ ರವಿ ಬೆಚ್ಚಿಬಿದ್ದ. ಅವ್ವ ಸತ್ತ ಮೇಲೆ ಆ ಹೆಸರನ್ನು ಯಾರೂ ಇಷ್ಟು ಅಕ್ಕರೆಯಿಂದ ಕರೆದಿರಲಿಲ್ಲ! ರುದ್ರಮ್ಮ ಹತ್ತಿರ ಬಂದು ಅವನ ಮುಖ ಹಿಡಿದು, ಮೂಗಿನ ಗುರುತನ್ನು ಮುಟ್ಟಿ ನೋಡಿದಳು. "ಇದ್ದೀಯಲ್ಲಪ್ಪ... ಬದುಕಿದ್ದೀಯಲ್ಲ..." ಎಂದು ಅತ್ತಳು. ಅಳುತ್ತಲೇ ಎಲ್ಲ ಹೇಳಿದಳು.

ಕೇಳಿ ಮುಗಿಯುವ ಹೊತ್ತಿಗೆ ರವಿಯ ಸಿಟ್ಟೆಲ್ಲ ಇಳಿದುಹೋಗಿತ್ತು. ಲತಾಮಣಿಯ ಊದಿದ ಕಣ್ಣು ನೋಡಿದ. ತಪ್ಪು ತಿಳಿದಿದ್ದಕ್ಕೆ ಅವನ ತಲೆ ತಗ್ಗಿತು.

ಆಮೇಲೆ ತಟ್ಟನೆ ಎದ್ದು ಹೊರಗೆ ಓಡಿದ! ಹತ್ತು ನಿಮಿಷಕ್ಕೆ ವಾಪಸ್ ಬಂದಾಗ ಕರ್ಚೀಫಿನ ತುಂಬ ತೌಡು. ಬೀದಿ ತುದಿಯ ಮಿಲ್ಲಿನಿಂದ ತಂದಿದ್ದ.

"ಅವ್ವ ಕೊಡ್ಬೇಕಾಗಿತ್ತು. ಅವ್ವ ಇಲ್ಲ, ನಾನೇ ತಂದಿದೀನಿ. ತಗೊಂಡು ನನ್ನನ್ನ ಬಿಟ್ಟುಬಿಡಿ ಅಮ್ಮಾ."

"ಬ್ಯಾಡ!" ರುದ್ರಮ್ಮ ಕಿರುಚಿ ಹಿಂದೆ ಸರಿದಳು. "ಬಿಟ್ಕೊಟ್ರೆ ನೀನು ಮುತ್ತಮ್ಮನ ಮಗ ಆಗೋಗ್ತೀಯ! ಆ ಮೂರು ಕೂಸು ಹೋದ ದಾರೀಲೇ ನೀನೂ... ನನ್ನ ಕೈಯಾರೆ ನಿನ್ನ ಹೆಂಗಪ್ಪಾ ಕಳಿಸ್ಲಿ?"

ಲತಾಮಣಿ ದಂಗಾದಳು. ಹಾಗಾದರೆ ಅಮ್ಮ ಇಷ್ಟು ದಿನ ಹಟ ಹಿಡಿದದ್ದು ಅಣ್ಣ-ತಂಗಿ ಎಂಬುದಕ್ಕಷ್ಟೇ ಅಲ್ಲ. ಇಪ್ಪತ್ತಾರು ವರ್ಷದಿಂದ ಅಮ್ಮ ಎಲ್ಲೋ ಇರುವ ಒಂದು ಜೀವವನ್ನು ಕಾಯುತ್ತಾ ಕೂತಿದ್ದಾಳೆ!

ಅವಳು ಮುಂದೆ ಬಂದು ರವಿಯ ಕೈಯಿಂದ ಗಂಟು ಕಿತ್ತುಕೊಂಡಳು.

"ಅಮ್ಮಾ, ಅವನನ್ನ ವಾಪಸ್ ಕೊಡ್ಬೇಡ. ನಂಗೆ ಮಾರು!"

"ಏನಂದೆ?"

"ನಾನು ಕೊಂಡ್ಕೋತೀನಿ. ಆಗ ಅವನು ಮುತ್ತಮ್ಮನ ಮನೆಗೆ ಹೋಗಲ್ಲ. ನಿನ್ನ ಮಗನೂ ಆಗಿರಲ್ಲ. ನನ್ನೋನಾಗ್ತಾನೆ. ಸಾವು ಬಂದ್ರೆ ನನ್ನ ಕೇಳಿ ಕರ್ಕೊಂಡು ಹೋಗ್ಲಿ... ನಾನು ಕೊಡಲ್ಲ ಅಮ್ಮಾ!"

ರುದ್ರಮ್ಮ ಮಗಳನ್ನೇ ನೋಡುತ್ತಾ ನಿಂತಳು. ಆಮೇಲೆ ಒಳಗೆ ಹೋಗಿ ಮೊರ ತಂದಳು.

"ಎಮ್ಮೆ ಗಾತ್ರದೋನ್ನ ಇದ್ರಾಗೆ ಹೆಂಗೆ ಮಲಗಿಸ್ಲಿ!" ಎಂದು ಅಳುವಿನ ನಡುವೆಯೇ ನಕ್ಕು, ಮೊರವನ್ನು ಅವನ ತಲೆಗೆ ಮುಟ್ಟಿಸಿದಳು. ಲತಾಮಣಿ ತೌಡನ್ನು ಅಮ್ಮನ ಮಡಿಲಿಗೆ ಸುರಿದಳು.

"ನನ್ನ ತೌಡಲ್ಲೇ ನನ್ನ ಕೊಂಡ್ಕೊಂಡ್ಯಲ್ಲೇ, ಜಾಣೆ!" ಎಂದ ರವಿ.

"ಕೊಂಡೋರೇ ಹೆಸರಿಡ್ಬೇಕು ಕಣೇ. ಇಡು" ಎಂದು ರುದ್ರಮ್ಮ ಕಣ್ಣೊರೆಸಿಕೊಳ್ಳುತ್ತಾ ಅಡುಗೆಮನೆಗೆ ಹೋದಳು.

ಈಗ ಇಬ್ಬರೇ. ಲತಾಮಣಿ ಬಾಯಿ ತೆರೆದಳು. ಊರೂರಿನ, ದೇಶದೇಶದ ಹೆಸರು ಬಲ್ಲವಳಿಗೆ ಒಂದೂ ನಾಲಿಗೆಗೆ ಬರಲಿಲ್ಲ. ಎದುರಿಗೆ ನಿಂತವನನ್ನು ತಲೆಯೆತ್ತಿ ನೋಡಲೂ ಆಗಲಿಲ್ಲ.

"ಒಂದೂ ಹೊಳೀತಿಲ್ಲ... ರೀ."

"ಏನಂದೆ?"

"ಹೊಳೀತಿಲ್ಲ ಅಂದೆ."

"ಅಲ್ಲ... ಆಮೇಲೆ ಏನೋ ಅಂದ್ಯಲ್ಲ?"

ಅವಳ ಕಿವಿ ಕೆಂಪಾಯಿತು.

"...ರೀ."

"ಅದೇ ಇರ್ಲಿ ಲತಾ. ಇನ್ನೊಂದ್ಸಲ ಕರಿ."

"ರೀ..."

"ಹ್ಞೂಂ... ಇಲ್ಲೇ ಇದೀನಿ."