ಇಳಿಯದ ಹನ್ನೊಂದು ಕೆಜಿ

ಚಪ್ಪಲಿ ಕಿತ್ತುಹೋಗದಿದ್ದರೆ ಮಂಜುಶ್ರೀ ಆ ಬೆಳಿಗ್ಗೆ ನಡಿಗೆಯಿಂದ ಅಷ್ಟು ಬೇಗ ಮನೆಗೆ ಬರುತ್ತಿರಲಿಲ್ಲ.

ಅಡುಗೆಮನೆಯಲ್ಲಿ ಮಿಕ್ಸಿ ಗುರುಗುಡುತ್ತಿತ್ತು. ಗಂಡ ಬಸವೇಶ್ ಹುರಿದ ಕಡಲೆಕಾಯಿ ಬೀಜ ಪುಡಿ ಮಾಡುತ್ತಿದ್ದ.

ಎರಡೂ ಕಿಡ್ನಿ ಸೋತವನು, ವಾರಕ್ಕೆರಡು ಸಲ ಡಯಾಲಿಸಿಸ್‌ಗೆ ಹೋಗುವವನು... ಕಡಲೆಕಾಯಿ ಮುಟ್ಟಲೇಬಾರದೆಂದು ಡಾಕ್ಟರು ಹೇಳಿದ್ದರು.

"ರೀ, ಏನ್ ತಿಂತಿದೀರಾ? ಸಾಯ್ಬೇಕು ಅಂತ ಮಾಡಿದೀರಾ?"

ಅವನು ತಿನ್ನುತ್ತಿರಲಿಲ್ಲ. ಪುಡಿ ತುಂಬಿದ ಸೌಟು ಒಲೆಯ ಮೇಲಿನ ಚಿಕ್ಕ ಪಾತ್ರೆಯ ಕಡೆಗೆ ಹೊರಟಿತ್ತು. ಅದು ಅವಳೊಬ್ಬಳಿಗಾಗಿ ಇಟ್ಟ ಹುರುಳಿ ಸಾರು. ಪಕ್ಕದಲ್ಲಿ ಎಣ್ಣೆ ಬಾಟಲಿಯ ಮುಚ್ಚಳ ತೆರೆದಿತ್ತು.

ಅರ್ಥವಾಗಲು ಅವಳಿಗೆ ಸ್ವಲ್ಪ ಹೊತ್ತು ಹಿಡಿಯಿತು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

ಐದು ತಿಂಗಳ ಹಿಂದೆ, ಅವಳ ಕಿಡ್ನಿ ಅವನಿಗೆ ಹೊಂದುತ್ತದೆ ಎಂದಿದ್ದರು ಡಾಕ್ಟರು. ಆದರೆ ತೊಂಬತ್ತೊಂದು ಕೆಜಿ ತೂಕಕ್ಕೆ ಆಪರೇಷನ್ ಮಾಡುವುದಿಲ್ಲ, ಹನ್ನೊಂದು ಕೆಜಿ ಇಳಿಸಿಕೊಂಡು ಬನ್ನಿ ಎಂದರು.

ಜಿಮ್ಮಿಲ್ಲ, ಹೇಳಿಕೊಡುವವರಿಲ್ಲ. ತಾನೇ ದಾರಿ ಹುಡುಕಿಕೊಂಡಳು. ಎರಡು ಮುದ್ದೆ ಅರ್ಧಕ್ಕೆ ಇಳಿಯಿತು, ಅನ್ನ ನಿಂತಿತು, ಸಕ್ಕರೆ ಡಬ್ಬ ಅಟ್ಟ ಸೇರಿತು. ಕೊರಟಗೆರೆಯ ಕೆರೆ ಏರಿಯ ಮೇಲೆ ಬೆಳಿಗ್ಗೆ, ಸಂಜೆ ನಡೆದಳು. ಮೊಣಕಾಲು ಊದಿಕೊಂಡರೂ ನಡೆದಳು.

ಇಳಿದದ್ದು ಎರಡೇ ಕೆಜಿ!

"ಕದ್ದು ತಿಂತೀರಾ?" ಎಂದು ನರ್ಸ್ ಕೇಳಿದ ದಿನ, ಬಸ್ಸಿನ ಕಿಟಕಿಗೆ ಮುಖ ಮಾಡಿ ಅತ್ತಿದ್ದಳು. ಪಕ್ಕದಲ್ಲಿದ್ದ ಬಸವೇಶ್ ಒಂದು ಮಾತೂ ಆಡಿರಲಿಲ್ಲ.

'ನನ್ನ ಮೈಯೇ ನನಗೆ ದ್ರೋಹ ಮಾಡಿತಲ್ಲ...' ಎಂದು ಎಷ್ಟು ಸಲ ತನ್ನನ್ನೇ ಶಪಿಸಿಕೊಂಡಿದ್ದಳು! "ನಡ್ಕೊಂಡ್ ಬಂದು ಸುಸ್ತಾಗಿರ್ತೀಯ, ಸಾರು ನಾನ್ ಮಾಡ್ತೀನಿ ಬುಡು" ಎಂದು ಅವನು ಸೌಟು ಹಿಡಿದದ್ದನ್ನು ಪ್ರೀತಿ ಎಂದುಕೊಂಡಿದ್ದಳು.

ಇವನೇ ತಾನೇ, ಮಧುಗಿರಿ ಬಸ್ಸಿನಲ್ಲಿ ಕಂಡಕ್ಟರಾಗಿದ್ದಾಗ, "ಈಯಮ್ಮಂಗೆ ಎರಡು ಟಿಕೆಟ್ ಕೊಡು" ಎಂದು ಅವಳ ದಪ್ಪ ಮೈ ನೋಡಿ ನಕ್ಕ ಪ್ರಯಾಣಿಕನನ್ನು ನಡುದಾರಿಯಲ್ಲಿ ಇಳಿಸಿದವನು. ಅಂದೇ ಅವಳ ಮನಸ್ಸು ಅವನ ಪಾಲಾಗಿತ್ತು.

"ಎಷ್ಟ್ ದಿನದಿಂದ?"

"ಮೊದಲ್ನೇ ದಿನದಿಂದ."

"ನನ್ ಕಿಡ್ನಿ ಕಂಡ್ರೆ ನಿಮ್ಗೆ ಅಸಯ್ಯನಾ?"

"ಮಂಜಿ..." ಸೂಜಿ ಚುಚ್ಚಿ ಗಂಟುಗಟ್ಟಿದ ಕೈಯಿಂದ ಅವನು ಸೌಟು ಕೆಳಗಿಟ್ಟ. "ನಂಜೊತೆ ಡಯಾಲಿಸಿಸ್‌ಗೆ ಬರೋ ಮುತ್ತುರಾಜಣ್ಣಂಗೆ ಅವನ ಹೆಂಡ್ತೀನೇ ಕಿಡ್ನಿ ಕೊಟ್ಟಿದ್ಲು. ಮೈಗೆ ಹಿಡೀಲಿಲ್ಲ. ಆರೇ ತಿಂಗಳಿಗೆ ಮತ್ತೆ ಮಿಷನ್ನಿಗೆ ಬಂದ. ನಿನ್ನ ಕುಯ್ಸಿ ನಾನೂ ಉಳೀದಿದ್ರೆ? ಬ್ಯಾಡ ಅಂದ್ರೆ ನೀನು ಕೇಳ್ತಿರ್ಲಿಲ್ಲ. ತೂಕ ಇಳೀದಿದ್ರೆ ತಾನಾಗೇ ನಿಂತೋಯ್ತದೆ ಅಂದ್ಕೊಂಡೆ."

ಅವಳಿಗೆ ಕೋಪ ಬಂತು. ಕೋಪಕ್ಕಿಂತ ಹೆಚ್ಚಾಗಿ ದುಃಖ ಉಕ್ಕಿತು. ಈ ಐದು ತಿಂಗಳಲ್ಲಿ ಅವನ ಮುಖ ಬಿಳಿಚಿತ್ತು, ಮೆಟ್ಟಿಲು ಹತ್ತಲು ಗೋಡೆ ಹಿಡಿಯುತ್ತಿದ್ದ. ಹೋದ ದಿನಗಳನ್ನು ಯಾವ ಡಾಕ್ಟರೂ ವಾಪಸು ಕೊಡಲಾರರು.

"ನಾನು ಮುಂಡೆ ಆಗ್ಬೇಕಾ ಬ್ಯಾಡ್ವಾ ಅಂತ ನೀವೊಬ್ರೇ ಹೆಂಗ್ರೀ ತೀರ್ಮಾನ ಮಾಡಿದ್ರಿ?"

ಅವನು ಗೋಡೆಗೊರಗಿ ನೆಲಕ್ಕೆ ಕುಸಿದು ಕೂತ. ಮದುವೆಯಾದ ಒಂಬತ್ತು ವರ್ಷದಲ್ಲಿ ಅವನು ಅತ್ತದ್ದನ್ನು ಅವಳು ನೋಡಿದ್ದು ಅದೇ ಮೊದಲು.

"ಹೆದ್ರಿಕೆ ಆಯ್ತದೆ ಕಣೇ. ನಿಂಗೇನಾದ್ರೂ ಆದ್ರೆ, ನಿನ್ನ ಕಿಡ್ನಿ ಇಟ್ಕೊಂಡು ನಾನು ಹೆಂಗ್ ಬದುಕ್ಲಿ?"

"ನೀವಿಲ್ದೆ ಎರಡೂ ಇಟ್ಕೊಂಡು ನಾನ್ ಹೆಂಗ್ ಬದುಕ್ಲಿ?"

ಅವಳು ಒಲೆ ಆರಿಸಿದಳು, ಪಾತ್ರೆಯ ಸಾರನ್ನು ಬಚ್ಚಲಿಗೆ ಸುರಿದಳು. ಆಮೇಲೆ ನೋಯುವ ಮೊಣಕಾಲು ಮಡಿಸಿ ಅವನ ಪಕ್ಕದಲ್ಲೇ ಕೂತು, ಅವನ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು.

"ಇನ್ನೂ ಒಂಬತ್ತು ಕೆಜಿ ಅದೆ," ಎಂದಳು. "ಅಲ್ಲೀಗಂಟ ಇರ್ತೀರಾ?"

ಅವನು ಅವಳ ಭುಜಕ್ಕೆ ತಲೆಯಾನಿಸಿದ.

"ಇರ್ತೀನಿ ಕಣೇ... ಬೇಗ ಇಳಿಸ್ಕೋ."