ಸಾಸಿವೆ ಕೇಳಿದ ಲೂಸರ್ನಿನವನು

ಅವನು ನನ್ನ ಹತ್ತಿರ ಮೊದಲು ಕೇಳಿದ್ದು ಸಾಸಿವೆ ಸಾಸ್. ಸೇಂಟ್ ಗಾಲೆನ್‌ನಲ್ಲಿ, ಅದೂ ಫುಟ್‌ಬಾಲ್ ಮೈದಾನದಲ್ಲಿ, ಅದೂ ನನ್ನಪ್ಪ ಕೋಬಿಯ ಸಾಸೇಜ್ ಅಂಗಡಿಯ ಮುಂದೆ ನಿಂತು!

ನಮ್ಮೂರಿನ ಬಿಳಿ ಸಾಸೇಜನ್ನು ಬರೀ ಬನ್ನಿನ ಜೊತೆ ತಿನ್ನಬೇಕು. ಸಾಸಿವೆ ಹಚ್ಚಿದರೆ ಮಾಡಿದವನಿಗೆ ಅವಮಾನ. ಇದನ್ನು ಇಲ್ಲಿ ಯಾರೂ ಯಾರಿಗೂ ಹೇಳಿಕೊಡುವುದಿಲ್ಲ, ಹಾಲುಹಲ್ಲು ಬೀಳುವ ಮೊದಲೇ ಗೊತ್ತಿರುತ್ತದೆ.

ಅಪ್ಪ ಇಕ್ಕಳ ಕೆಳಗಿಟ್ಟ. "ಏನ್ ಕೇಳ್ದೆ?"

"ಸಾಸಿವೆ. ಸ್ವಲ್ಪ ಸಾಕು."

"ಸ್ವಲ್ಪ ಬೇರೆ! ಯಾಕಪ್ಪಾ, ನನ್ನ ಸಾಸೇಜ್ ಹಳಸಿದೆಯಾ, ವಾಸನೆ ಮುಚ್ಚೋಕೆ?"

ಸಾಲಿನಲ್ಲಿದ್ದವರೆಲ್ಲ ನಕ್ಕರು. ಅವನ ಕೊರಳಲ್ಲಿ ಲೂಸರ್ನ್ ತಂಡದ ನೀಲಿ-ಬಿಳಿ ಮಫ್ಲರ್ ಇತ್ತು. ಕಿವಿ ಕೆಂಪಾಯಿತು, ಆದರೆ ಕಾಲು ಕೀಳಲಿಲ್ಲ. ನನ್ನನ್ನೇ ನೋಡುತ್ತಾ ಕೋಟಿನ ಜೇಬಿಗೆ ಕೈ ಹಾಕಿ ಒಂದು ಟ್ಯೂಬ್ ತೆಗೆದ. ಸಾಸೇಜಿನ ಈ ತುದಿಯಿಂದ ಆ ತುದಿಯವರೆಗೆ ನಿಧಾನವಾಗಿ ಸಾಸಿವೆ ಹಿಂಡಿದ. ನನಗೆ ನಗು ತಡೆಯಲಾಗಲಿಲ್ಲ.

"ಮನೆಯಿಂದಾನೇ ತಂದಿದ್ರಾ?"

"ಸೇಂಟ್ ಗಾಲೆನ್‌ನವರು ಕೊಡಲ್ಲ ಅಂತ ಅಮ್ಮ ಹೇಳಿದ್ರು. ಆದ್ರೂ ಒಂದು ಮಾತು ಕೇಳಿ ನೋಡೋಣ ಅಂತ."

ಹೆಸರು ಮೆಲ್ಕ್ ಇಮ್‌ಫೆಲ್ಡ್. ಲೂಸರ್ನಿನ ಸರೋವರದ ಹಡಗಿನಲ್ಲಿ ಎಂಜಿನ್ ನೋಡಿಕೊಳ್ಳುತ್ತಿದ್ದ. ಊರೊಳಗಿನ ಅಪ್ಪನ ಮಾಂಸದಂಗಡಿಯ ನಂಬರನ್ನೂ ನನ್ನ ಹೆಸರನ್ನೂ ಎಲ್ಲಿಂದ ಹುಡುಕಿದನೋ, ಮುಂದಿನ ಸೋಮವಾರ ಫೋನ್ ಬಂತು.

"ರೆಗುಲಾ ಅವರಾ? ಅಂಗಡಿಗೆ ಸಾಸಿವೆ ಬಂತಾ?"

"ಬಂದಿಲ್ಲ. ಬರೋದೂ ಇಲ್ಲ."

"ಸರಿ, ಮುಂದಿನ ವಾರ ಕೇಳ್ತೀನಿ."

ಹಾಗೇ ಸೋಮವಾರಗಳು ಬಂದವು. ನಮ್ಮ ತಂಡ ಸೋತರೆ ಅವನು ರೇಗಿಸುತ್ತಿದ್ದ, ಅವರದು ಸೋತರೆ ನಾನು. ಚಿಕ್ಕಂದಿನಿಂದ ತನ್ನ ತಂಡದ ಒಂದು ಆಟವನ್ನೂ ಬಿಟ್ಟಿಲ್ಲವಂತೆ. ಅಕ್ಕನ ಮದುವೆಯ ದಿನ ಊಟ ಬಿಟ್ಟು ಮೈದಾನಕ್ಕೆ ಓಡಿದ್ದನಂತೆ. ಯಾರ ಫೋನು ಅಂತ ಅಪ್ಪ ಕೇಳಿದರೆ "ಗಿರಾಕಿ" ಅನ್ನುತ್ತಿದ್ದೆ. ಸೋಮವಾರ ಬೆಳಿಗ್ಗೆಯಿಂದಲೇ ನಾನು ಫೋನಿನ ಹತ್ತಿರದ ಕೆಲಸಗಳನ್ನೇ ಆರಿಸಿಕೊಳ್ಳುತ್ತಿದ್ದುದು ಅಪ್ಪನಿಗೆ ತಿಳಿಯಲಿಲ್ಲವೆಂದುಕೊಂಡಿದ್ದೆ.

ತೊಂಬತ್ತರ ದಶಕದ ಆ ದಿನಗಳಲ್ಲಿ ಲೀಗಿಗೆ ಒಂದು ವಿಚಿತ್ರ ನಿಯಮವಿತ್ತು. ಚಳಿಗಾಲ ಬರುವ ಹೊತ್ತಿಗೆ ಹನ್ನೆರಡು ತಂಡಗಳ ನಡುವೆ ಒಂದು ಗೆರೆ ಎಳೆಯುತ್ತಿದ್ದರು. ಗೆರೆಯ ಮೇಲಿನ ಎಂಟು ತಂಡಗಳ ಅಂಕ ಅರ್ಧಕ್ಕೆ ಇಳಿಯುತ್ತಿತ್ತು, ಅವು ವಸಂತದಲ್ಲಿ ಕಿರೀಟಕ್ಕಾಗಿ ಆಡುತ್ತಿದ್ದವು. ಕೆಳಗಿನ ನಾಲ್ಕು ತಂಡಗಳ ಅಂಕವೆಲ್ಲ ಅಳಿಸಿಹೋಗಿ, ಎರಡನೇ ದರ್ಜೆಯ ತಂಡಗಳ ಜೊತೆ ಸೊನ್ನೆಯಿಂದ ಶುರು. ಗೆರೆಯ ಆಚೆಯವರೂ ಈಚೆಯವರೂ ವಸಂತದ ಲೀಗಿನಲ್ಲಿ ಎದುರಾಗುವ ಮಾತೇ ಇಲ್ಲ. ನಾವು ಮೇಲೆ ಆರಾಮಾಗಿದ್ದೆವು. ಲೂಸರ್ನ್ ಗೆರೆಯ ಅಂಚಿನಲ್ಲಿ ಜೋಲಾಡುತ್ತಿತ್ತು.

"ಕೆಳಗೆ ಬಿದ್ರೆ ನಿಮ್ಮೂರಿಗೆ ಬರೋ ಕೆಲಸ ಇರಲ್ಲ," ಅಂದ ಮೆಲ್ಕ್ ಒಂದು ಸೋಮವಾರ.

"ಹೌದಲ್ಲ, ಕೆಲಸ ಇದ್ರೆ ತಾನೇ ಬರೋದು," ಅಂದೆ. ಸಿಟ್ಟು ಬಂದಿತ್ತು. ಅವನು ಬರುವುದು ಆಟಕ್ಕೋ ನನಗೋ ಎಂದು ಬಾಯಿಬಿಟ್ಟು ಕೇಳುವ ಧೈರ್ಯವಿರಲಿಲ್ಲ.

ಗೆರೆ ಎಳೆಯುವ ಮುಂಚಿನ ಕೊನೆಯ ಆಟ ಲೂಸರ್ನಿನಲ್ಲಿ, ಅವರಿಗೂ ನಮಗೂ. ಅವರು ಗೆಲ್ಲಲೇಬೇಕಿತ್ತು. ಅಪ್ಪನ ಪಕ್ಕದಲ್ಲಿ ಹಸಿರು-ಬಿಳಿ ಮಫ್ಲರ್ ಸುತ್ತಿಕೊಂಡು ನಿಂತು, ನಮ್ಮವರು ಸೋಲಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಹುಟ್ಟಿದಾಗಿನಿಂದ ಅಂಥ ಪಾಪ ಮಾಡಿರಲಿಲ್ಲ. ಒಂದು-ಒಂದರಲ್ಲಿ ಆಟ ಮುಗಿಯುತ್ತಾ ಬಂದಾಗ ಅವರ ಮುಂಚೂಣಿ ಆಟಗಾರ ಒಬ್ಬನೇ ಚೆಂಡಿನೊಡನೆ ನುಗ್ಗಿದ. ನಮ್ಮ ಗೋಲ್‌ಕೀಪರ್ ಹಾರಿ ತಡೆದ. ಅಷ್ಟೇ, ಮುಗಿಯಿತು.

ನನ್ನ ಕಣ್ಣಲ್ಲಿ ನೀರು. ಅಪ್ಪ ನನ್ನನ್ನು ತಬ್ಬಿಕೊಂಡು, "ಅಳಬೇಡ ಮಗಳೇ, ನಾವು ಗೆದ್ದಷ್ಟೇ ಸಮ!" ಅಂದ.

ಗೇಟಿನ ಹತ್ತಿರ ಮೆಲ್ಕ್ ಸಿಕ್ಕ. "ಆಯ್ತು ಬಿಡಿ," ಅಂದ.

"ಆಯ್ತು," ಅಂದೆ.

ಆಮೇಲೆ ಸೋಮವಾರಗಳಲ್ಲಿ ಫೋನ್ ಬರಲಿಲ್ಲ. ಮಾಂಸ ಕೊಚ್ಚಿದೆ, ಗಾಜು ಒರೆಸಿದೆ, ಗಿರಾಕಿಗಳಿಗೆ ಹಬ್ಬದ ಶುಭಾಶಯ ಹೇಳಿದೆ. ಅವನ ನೆನಪು ಬಹಳ ಕಾಡಿತು, ಅದನ್ನು ಸುತ್ತಿ ಬಳಸಿ ಹೇಳುವುದೇನು! ಜನವರಿಯಲ್ಲಿ ಒಂದು ದಿನ, ಯಾರೂ ನನ್ನ ಗುರುತು ಹಿಡಿಯದ ಪಕ್ಕದ ಊರಿಗೆ ಹೋಗಿ ಒಂದು ಟ್ಯೂಬ್ ಸಾಸಿವೆ ಕೊಂಡು ಏಪ್ರನ್ನಿನ ಜೇಬಿನಲ್ಲಿಟ್ಟುಕೊಂಡೆ.

ಮಾರ್ಚಿನಲ್ಲಿ ಜೂರಿಕ್‌ನ ತಂಡವೊಂದು ನಮ್ಮಲ್ಲಿಗೆ ಬಂತು. ಮೈದಾನದ ಅಂಚಿನಲ್ಲಿ ಎತ್ತಿ ಹಾಕಿದ ಹಿಮ ಇನ್ನೂ ಕರಗಿರಲಿಲ್ಲ.

"ಒಂದು ಸಾಸೇಜ್ ಕೊಡಿ."

ಧ್ವನಿ ಕೇಳಿ ಕೈ ನಿಂತಿತು. ಕೊರಳಲ್ಲಿ ಮಫ್ಲರ್ ಇರಲಿಲ್ಲ. ಅಪ್ಪ ತಲೆಯೆತ್ತಿದ.

"ಏಯ್ ಲೂಸರ್ನ್! ದಾರಿ ತಪ್ತಾ? ಇವತ್ತು ನಿಮ್ಮೋರು ಲೊಕಾರ್ನೊದಲ್ಲಿ ಆಡ್ತಿದಾರಲ್ಲೋ?"

"ಹೌದು, ಆಡ್ತಿದಾರೆ."

"ಮತ್ತೆ ನೀನು ಇಲ್ಲಿ?"

ಮೆಲ್ಕ್ ಉತ್ತರವನ್ನು ನನಗೆ ಕೊಟ್ಟ. "ಇವತ್ತು ಆಟ ಬಿಟ್ಟೆ."

"ಫೋನ್ ಯಾಕೆ ಮಾಡ್ಲಿಲ್ಲ?" ಅಂದೆ.

"ಆಟದ ಸುದ್ದಿ ಇಲ್ದೆ ಏನಂತ ಮಾತು ಶುರು ಮಾಡ್ಲಿ? ಇಡೀ ಚಳಿಗಾಲ ಅದನ್ನೇ ಯೋಚಿಸ್ದೆ. ಗೆರೆ ಕೆಳಗೆ ಬಿದ್ದೋರು ಸೊನ್ನೆಯಿಂದ ಶುರು ಮಾಡ್ಬೇಕಲ್ವಾ? ಅದಕ್ಕೇ ಬಂದೆ. ನಿಮ್ಮನ್ನ ನೋಡೋಕೆ. ಬರೀ ನಿಮ್ಮನ್ನ."

ಹೇಳಿದವನೇ ನಾನು ಕೊಟ್ಟ ಬರಿ ಸಾಸೇಜಿಗೆ ಬಾಯಿ ಹಾಕಿದ. ಅಗಿದ. ಕಷ್ಟಪಟ್ಟು ನುಂಗಿದ.

"ಹೇಗಿದೆ?" ಅಪ್ಪ ಕಣ್ಣು ಕಿರಿದು ಮಾಡಿ ಕೇಳಿದ.

"ಚೆನ್ನಾಗಿದೆ."

"ಸುಳ್ಳು ಹೇಳ್ಬೇಡ ಕಣೋ," ಅಂದೆ. ಅವನನ್ನು ನಾನು ಏಕವಚನದಲ್ಲಿ ಕರೆದದ್ದು ಅದೇ ಮೊದಲು. ಏಪ್ರನ್ನಿನಿಂದ ಟ್ಯೂಬ್ ತೆಗೆದು, ಅಪ್ಪನ ಕಣ್ಣೆದುರೇ ಹಲಗೆಯ ಮೇಲಿಟ್ಟೆ.

ಅಪ್ಪ ಟ್ಯೂಬನ್ನು ನೋಡಿದ, ನನ್ನನ್ನು ನೋಡಿದ, ಅವನನ್ನು ನೋಡಿದ. ಕೆಂಡದ ಮೇಲಿನ ಸಾಸೇಜೊಂದನ್ನು ತಿರುವಿ ಹಾಕಿದ.

"ಓ, ಸೋಮವಾರದ ಗಿರಾಕಿ," ಅಂದ. "ಇಬ್ರೂ ಅಂಗಡಿ ಹಿಂದೆ ಹೋಗಿ ತಿನ್ನಿ. ಜನ ನೋಡ್ತಿದಾರೆ, ನನ್ನ ಮರ್ಯಾದೆ ಪ್ರಶ್ನೆ."

ಹಿಂದೆ ಖಾಲಿ ಬಿಯರ್ ಕ್ರೇಟುಗಳ ಮೇಲೆ ಕುಳಿತೆವು. ಮೆಲ್ಕ್ ಸಾಸಿವೆ ಹಿಂಡಿ, ಮೊದಲ ತುತ್ತು ನನ್ನ ಬಾಯಿಯ ಹತ್ತಿರ ಹಿಡಿದ. ಅವನ ಕೈ ಹಿಡಿದುಕೊಂಡು ಕಚ್ಚಿದೆ.

"ಹೇಗಿದೆ?"

"ಒಳ್ಳೇ ಸಾಸೇಜ್ ಹಾಳು ಮಾಡ್ದೆ," ಅಂದು ಅವನ ಕೈ ಬಿಡದೆ ಇನ್ನೊಂದು ತುತ್ತು ಕಚ್ಚಿದೆ.

ಆಗ ಮೈದಾನದಲ್ಲಿ ದೊಡ್ಡ ಗದ್ದಲವೆದ್ದಿತು. ಯಾರೋ ಗೋಲ್ ಹೊಡೆದಿದ್ದರು. ಯಾರೆಂದು ನೋಡಲು ಇಬ್ಬರೂ ಏಳಲಿಲ್ಲ.